ಜಗಲಿಯಿಂದ ಅಂಗಳಕ್ಕೆ

ಮೇ ತಿಂಗಳ ಕೊನೆಯಲ್ಲಿ ಬೆಳ್ತಂಗಡಿ ತಾಲ್ಲೂಕಿನ ಯಾವ ತೋಟದ ಮನೆಗೆ ಹೋದರೂ ಅಂಗಳ ತಲುಪುವ ಮೊದಲೇ ಹಲಸಿನ ಹಣ್ಣಿನ ವಾಸನೆ ಮೂಗಿಗೆ ಬಡಿಯುತ್ತದೆ. ಮನೆಯವರು ತಿಂದು, ನೆಂಟರಿಗೆ ಕೊಟ್ಟು, ದನಗಳಿಗೆ ಹಾಕಿದ ಮೇಲೂ ಉಳಿದ ಹಣ್ಣು ಮರದ ಬುಡದಲ್ಲಿ ಬಿದ್ದು ಕೊಳೆಯುತ್ತಿರುತ್ತದೆ. ಜಗಲಿಯಲ್ಲಿ ಕೂತು ಚಹಾ ಕುಡಿಯುವಾಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: “ಇದನ್ನೇ ಹಪ್ಪಳ ಮಾಡಿ ಬೆಂಗಳೂರಿಗೆ ಕಳಿಸಿದರೆ ಎಂಥ ವ್ಯಾಪಾರ ಮಾರಾಯ್ರೆ!” ಕೂತವರೆಲ್ಲ ತಲೆಯಾಡಿಸುತ್ತಾರೆ. ಒಬ್ಬರು ಚಿಪ್ಸ್ ಎನ್ನುತ್ತಾರೆ, ಇನ್ನೊಬ್ಬರು ಬೀಜದ ಹಿಟ್ಟು ಎನ್ನುತ್ತಾರೆ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ಮಾತು ಅಡಿಕೆಗೆ ಮದ್ದು ಬಿಡುವ ಕಡೆಗೆ ಹೊರಳುತ್ತದೆ. ಮುಂದಿನ ಮೇ ತಿಂಗಳಲ್ಲಿ ಅದೇ ಜಗಲಿ, ಅದೇ ಚಹಾ, ಅದೇ ಮಾತು.

ಆ ಮಾತಿನಲ್ಲಿ ತಪ್ಪೇನೂ ಇಲ್ಲ. ಹಲಸಿಗೆ ಮಾರುಕಟ್ಟೆ ಇದೆ. ಅದರ ಬಗ್ಗೆ ತಿಳಿಯಬೇಕೆಂದವರಿಗೆ ಮಾಹಿತಿಗೂ ಬರವಿಲ್ಲ. 1988ರಿಂದ ಪುತ್ತೂರಿನಿಂದ ಹೊರಬರುತ್ತಿರುವ ‘ಅಡಿಕೆ ಪತ್ರಿಕೆ’ಯಲ್ಲಿ ಶ್ರೀ ಪಡ್ರೆಯವರು ಹಲಸಿನ ಮೌಲ್ಯವರ್ಧನೆಯ ಕುರಿತು ವರ್ಷಗಟ್ಟಲೆ ಬರೆದಿದ್ದಾರೆ. ಹಲಸಿನ ಮೇಳಗಳು ನಡೆಯುತ್ತವೆ, ಕಿಕ್ಕಿರಿದ ಜನ ಕೊಂಡುಕೊಂಡು ಹೋಗುತ್ತಾರೆ. ಹಾಗಾದರೆ ಹತ್ತು ಮನೆಗೆ ಹೊಳೆದ ವಿಚಾರ ಒಂದೇ ಮನೆಯಲ್ಲಿ ವ್ಯಾಪಾರವಾಗಿ, ಉಳಿದ ಒಂಬತ್ತರಲ್ಲಿ ಮಾತಾಗಿಯೇ ಉಳಿಯುವುದು ಏಕೆ?

ನಮ್ಮಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ: ಆ ಒಬ್ಬನಿಗೆ ಧೈರ್ಯವಿತ್ತು, ಉಳಿದವರು ಸೋಮಾರಿಗಳು. ಈ ಉತ್ತರ ಅರ್ಧ ಸತ್ಯ, ಮತ್ತು ಅರ್ಧ ಸತ್ಯವಾದ್ದರಿಂದಲೇ ಅಪಾಯಕಾರಿ. ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆದು ಡೈರಿಗೆ ಹಾಕಿ, ಹಗಲೆಲ್ಲ ತೋಟದಲ್ಲಿ ದುಡಿಯುವವರನ್ನು ಸೋಮಾರಿಗಳೆನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟು: ವಿಚಾರವನ್ನು ಕಾರ್ಯಕ್ಕೆ ಇಳಿಸುವುದು ಒಬ್ಬೊಬ್ಬರ ಸ್ವಭಾವಕ್ಕೆ ಬಿಟ್ಟ ಸಂಗತಿಯಲ್ಲ. ಜಗಲಿಯ ಮಾತನ್ನು ಅಂಗಳದ ಕೆಲಸವಾಗಿಸಲು ಮೆಟ್ಟಿಲುಗಳು ಬೇಕು. ಆ ಮೆಟ್ಟಿಲು ಕಟ್ಟಿದ ಊರಿನಲ್ಲಿ ವ್ಯಾಪಾರ ಬೆಳೆಯುತ್ತದೆ, ಕಟ್ಟದ ಊರಿನಲ್ಲಿ ಭಾಷಣ ಬೆಳೆಯುತ್ತದೆ. ಇದಕ್ಕೆ ಪುರಾವೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ಧರ್ಮಸ್ಥಳದ ಸುತ್ತಮುತ್ತಲೇ ಇದೆ.

ಮೊದಲು ಹಪ್ಪಳವನ್ನೇ ತೆಗೆದುಕೊಳ್ಳೋಣ. ಜಗಲಿಯಲ್ಲಿ ಕೂತವರಿಗೆ ಹಪ್ಪಳ ಒಂದು ಪದ, ಅಂಗಳಕ್ಕಿಳಿದವರಿಗೆ ಅದು ನೂರು ಪ್ರಶ್ನೆ. ಮೊದಲ ಪಾಠವೇ ತಲೆಕೆಳಗಾಗಿಸುವಂಥದ್ದು: ಹಣ್ಣಿನ ವಾಸನೆ ಬಂದಾಗ ಹಪ್ಪಳದ ಮಾತು ಎತ್ತಿದರೆ ಆಗಲೇ ತಡವಾಗಿರುತ್ತದೆ. ಹಪ್ಪಳಕ್ಕೆ ಬೇಕಾದದ್ದು ಬೆಳೆದ ಕಾಯಿ. ಹಣ್ಣಾಗತೊಡಗಿದರೆ ತೊಳೆಯಲ್ಲಿ ಸಿಹಿ ಏರುತ್ತದೆ, ಎಣ್ಣೆಗೆ ಬಿಟ್ಟ ಕೂಡಲೇ ಹಪ್ಪಳ ಕೆಂಪಗಾಗಿ ಕರಟುತ್ತದೆ. ಹೆಚ್ಚಿನ ಮರಗಳ ಲೆಕ್ಕದಲ್ಲಿ ಅದಕ್ಕೆ ಸರಿಯಾದ ಕಾಲ ಬಿಸು ಹಬ್ಬದ ಆಸುಪಾಸು. ತೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲು ಉಪ್ಪು ಖಾರ ಹಾಕಿ ರುಬ್ಬಿ, ಉಂಡೆ ಕಟ್ಟಿ, ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತಿ, ಚಾಪೆಯ ಮೇಲೆ ಒಂದೊಂದಾಗಿ ಹರಡಬೇಕು. ಮಧ್ಯಾಹ್ನ ಮೂರಕ್ಕೆ ಪಶ್ಚಿಮ ಘಟ್ಟದ ಮೇಲೆ ಮೋಡ ಕಟ್ಟಿ ಗುಡುಗಿದರೆ ಚಾಪೆ ಎತ್ತಿ ಒಳಗೆ ಓಡಬೇಕು. ಒಂದು ಕಾಯಿಗೆ ಎಷ್ಟು ಹಪ್ಪಳ, ನೂರು ಹಪ್ಪಳಕ್ಕೆ ಎಷ್ಟು ಕೈ, ಎಷ್ಟು ಗಂಟೆ, ಗ್ಯಾಸಿಗೆ ಎಷ್ಟು, ಮೆಣಸಿಗೆ ಎಷ್ಟು, ಲಕೋಟೆಗೆ ಎಷ್ಟು, ಬಸ್ಸಿನ ಪಾರ್ಸೆಲಿಗೆ ಎಷ್ಟು? ತನ್ನ ಮನೆಯವರ ದುಡಿಮೆಗೆ ಕೂಲಿ ಹಿಡಿಯಬೇಕೋ ಬೇಡವೋ? ಹಿಡಿಯದಿದ್ದರೆ ಲಾಭವೆಂದು ಕಂಡದ್ದು ಲಾಭವೇ ಅಲ್ಲ.

ಆಮೇಲೆ ಆಟಿ ತಿಂಗಳು ಬರುತ್ತದೆ. ಗೋಡೆಯೇ ಬೆವರುವ ಆ ಮಳೆಗಾಲದಲ್ಲಿ ಪ್ಯಾಕೆಟ್ ಬಿಚ್ಚಿ ನೋಡಿದಾಗ ಹಪ್ಪಳ ಗರಿಗರಿಯಾಗಿದೆಯೋ, ಮೆತ್ತಗಾಗಿ ಬಿಳಿ ಬೂಷ್ಟು ಹಿಡಿದಿದೆಯೋ ಎಂಬುದೇ ನಿಜವಾದ ಪರೀಕ್ಷೆ. ಬೂಷ್ಟು ಹಿಡಿದಿದ್ದರೆ ಒಣಗಿದ್ದು ಸಾಲದು ಅಥವಾ ಲಕೋಟೆ ತೆಳು. ಅಂಗಡಿಯವರು ಕೇಳುವ ಆಹಾರ ಸುರಕ್ಷತಾ ನೋಂದಣಿಯ ಸಂಖ್ಯೆ, ತಯಾರಿಸಿದ ದಿನಾಂಕ, ನಿವ್ವಳ ತೂಕ ಇವೆಲ್ಲ ಆಮೇಲಿನ ಮಾತು. ಈ ಯಾವ ಪ್ರಶ್ನೆಯೂ ಜಗಲಿಯಲ್ಲಿ ಹುಟ್ಟುವುದಿಲ್ಲ. ಎಷ್ಟೇ ಬುದ್ಧಿವಂತ ಕೂತು ಯೋಚಿಸಿದರೂ ಆಟಿಯ ಬೂಷ್ಟು ಅವನ ಯೋಚನೆಗೆ ಬರುವುದಿಲ್ಲ, ಕೈಗೆ ಅಂಟಿದಾಗಲೇ ಗೊತ್ತಾಗುವುದು. ಆದ್ದರಿಂದ ‘ಮೊದಲು ಪೂರ್ತಿ ಯೋಚಿಸಿ ಆಮೇಲೆ ಮಾಡುತ್ತೇನೆ’ ಎನ್ನುವವರು ಒಂದು ತಪ್ಪು ನಂಬಿಕೆಯಲ್ಲಿದ್ದಾರೆ. ಯೋಚನೆಯ ಉತ್ತರಾರ್ಧ ಇರುವುದು ಕೆಲಸದ ಒಳಗೆ. ಮಾಡದವನ ಯೋಚನೆ ಅರ್ಧಕ್ಕೇ ನಿಂತಿರುತ್ತದೆ, ಅವನಿಗೆ ಅದು ಪೂರ್ಣವೆಂದು ಕಾಣುತ್ತಿರುತ್ತದೆ.

ಈ ಸತ್ಯವನ್ನು ಅರಿತು ಅದರ ಮೇಲೆ ಒಂದು ಸಂಸ್ಥೆಯನ್ನೇ ಕಟ್ಟಿದ್ದು ಉಜಿರೆಯಲ್ಲಿ, ಧರ್ಮಸ್ಥಳದಿಂದ ಹತ್ತು ಕಿಲೋಮೀಟರ್‌ನೊಳಗೆ. 1982ರಲ್ಲಿ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳ್ತನದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಕೂಡಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದವು. ಕೆಲಸ ಸಿಗದೆ ಊರಲ್ಲಿ ಉಳಿದ ಯುವಕ ಯುವತಿಯರಿಗೆ ಊಟ ವಸತಿ ಸಹಿತ ಉಚಿತವಾಗಿ ಅಲ್ಪಾವಧಿಯ ತರಬೇತಿ ಕೊಟ್ಟು ಸ್ವಂತ ಉದ್ಯೋಗಕ್ಕೆ ಹಚ್ಚುವುದು ಅದರ ಕೆಲಸ. ಹೊಲಿಗೆ, ಮೊಬೈಲ್ ರಿಪೇರಿ, ಹೈನುಗಾರಿಕೆ ಇಂಥ ಕಸುಬು ಕಲಿಸುವ ಸಂಸ್ಥೆಗಳು ಬೇರೆಯೂ ಇವೆ. ಇಲ್ಲಿಯ ವಿಶೇಷ ಬೇರೆಡೆ ಇದೆ.

ಇಂಥ ಉದ್ಯಮಶೀಲತಾ ತರಬೇತಿಗಳಲ್ಲಿ ಆಡಿಸುವ ಒಂದು ಆಟವಿದೆ. ನೆಲದಲ್ಲಿ ಒಂದು ಗೂಟ. ಕೈಗೆ ಕೆಲವು ಬಳೆಗಳನ್ನು ಕೊಟ್ಟು, ‘ಎಷ್ಟು ದೂರದಿಂದ ಬೇಕಾದರೂ ಎಸೆಯಿರಿ, ಗೂಟಕ್ಕೆ ಬೀಳಬೇಕು, ದೂರ ಹೆಚ್ಚಿದಷ್ಟೂ ಅಂಕ ಹೆಚ್ಚು’ ಎನ್ನುತ್ತಾರೆ. ಕೆಲವರು ಗೂಟದ ಬುಡದಲ್ಲೇ ನಿಂತು ಬಳೆಯನ್ನು ಇಟ್ಟೇ ಬಿಡುತ್ತಾರೆ. ಕೆಲವರು ಗೋಡೆಯ ತುದಿಗೆ ಹೋಗಿ ಕಣ್ಣುಮುಚ್ಚಿ ಎಸೆಯುತ್ತಾರೆ. ಕೆಲವರು ಮಾತ್ರ ನಡುವಿನ ದೂರದಲ್ಲಿ ನಿಂತು, ಮೊದಲನೆಯದು ತಪ್ಪಿದರೆ ಅರ್ಧ ಹೆಜ್ಜೆ ಮುಂದೆ ಸರಿದು, ಎರಡನೆಯದು ಬಿದ್ದರೆ ಅರ್ಧ ಹೆಜ್ಜೆ ಹಿಂದೆ ಸರಿದು ಎಸೆಯುತ್ತಾರೆ. ಉದ್ಯಮಿಯ ಮನಸ್ಸು ಈ ಮೂರನೆಯವರದು. ಅಮೆರಿಕದ ಮನಃಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲಂಡ್ ಈ ವಿಚಾರವನ್ನು ಬೆಳೆಸಿ, 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ತರಬೇತಿ ಕೊಟ್ಟು ಪರೀಕ್ಷಿಸಿದರು. ಸಾಧಿಸಬೇಕೆಂಬ ಹಂಬಲ ಹುಟ್ಟಿನಿಂದ ಮಾತ್ರ ಬರುವುದಿಲ್ಲ, ಅದನ್ನು ಕಲಿಸಬಹುದು ಎಂಬುದು ಅವರ ನಿಲುವು. ಆ ಆಟದಲ್ಲಿ ನನ್ನ ಗಮನ ಸೆಳೆಯುವುದು ಆ ಅರ್ಧ ಹೆಜ್ಜೆ. ಮೊದಲ ಬಳೆ ಎಸೆಯದವನಿಗೆ ಯಾವ ಕಡೆಗೆ ಸರಿಯಬೇಕೆಂದು ಹೇಗೆ ತಿಳಿಯಬೇಕು?

ರುಡ್‌ಸೆಟ್‌ನಲ್ಲಿ ತರಬೇತಿಯ ಹೊತ್ತಿಗೇ ಕಲಿಯಲು ಬಂದವರನ್ನು ಪೇಟೆಗೆ ಕಳಿಸಿ ಮಾರುಕಟ್ಟೆ ಸಮೀಕ್ಷೆ ಮಾಡಿಸುತ್ತಾರೆ, ಯೋಜನಾ ವರದಿ ಬರೆಸುತ್ತಾರೆ, ಬ್ಯಾಂಕಿನವರೊಡನೆ ಮಾತಾಡಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು, ತರಬೇತಿ ಮುಗಿಸಿ ಮನೆಗೆ ಹೋದ ಮೇಲೂ ಎರಡು ವರ್ಷ ಬೆನ್ನು ಬಿಡುವುದಿಲ್ಲ. ಅಂಗಡಿ ತೆರೆದಿರಾ? ಸಾಲ ಮಂಜೂರಾಯಿತಾ? ಎಲ್ಲಿ ತಡೆಯಾಗಿದೆ? ಎಂದು ವಿಚಾರಿಸುತ್ತಾರೆ. ಎಷ್ಟು ಮಂದಿಗೆ ಪ್ರಮಾಣಪತ್ರ ಕೊಟ್ಟೆವು ಎಂಬ ಲೆಕ್ಕಕ್ಕಿಂತ ಎಷ್ಟು ಮಂದಿ ಸ್ವಂತ ದುಡಿಮೆಯಲ್ಲಿ ನೆಲೆಯಾದರು ಎಂಬ ಲೆಕ್ಕ ಇಲ್ಲಿ ದೊಡ್ಡದು. ನಮ್ಮ ಶಾಲೆ ಕಾಲೇಜುಗಳು, ಕಾರ್ಯಾಗಾರಗಳು, ಸಮ್ಮೇಳನಗಳು ಯಾವ ಲೆಕ್ಕ ಇಟ್ಟಿವೆ ಎಂದು ಒಮ್ಮೆ ಯೋಚಿಸಿದರೆ ಈ ವ್ಯತ್ಯಾಸದ ತೂಕ ತಿಳಿಯುತ್ತದೆ. ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಮುಂದೆ ಇದೇ ಮಾದರಿಯನ್ನು ಹಿಡಿದು ಜಿಲ್ಲೆಗೊಂದರಂತೆ ಆರ್‌ಸೆಟಿ ಎಂಬ ತರಬೇತಿ ಸಂಸ್ಥೆಗಳನ್ನು ಬ್ಯಾಂಕುಗಳ ಮೂಲಕ ತೆರೆಯಿಸಿತು. ಇಂದು ದೇಶದಲ್ಲಿ ಅವು ಐನೂರಕ್ಕೂ ಹೆಚ್ಚು. ಉಜಿರೆಯ ಒಂದು ಪ್ರಯೋಗ ದೇಶದ ಪದ್ಧತಿಯಾದದ್ದು ಅದರ ಕಲ್ಪನೆ ಅಪೂರ್ವವಾಗಿದ್ದುದರಿಂದ ಎಂದು ನಾನು ಭಾವಿಸುವುದಿಲ್ಲ. ‘ನಿರುದ್ಯೋಗಿಗಳಿಗೆ ಸ್ವಂತ ಉದ್ಯೋಗ ಬೇಕು’ ಎಂದು ಆ ಕಾಲದಲ್ಲಿ ಹೇಳದ ಮುಖಂಡರೇ ಇರಲಿಲ್ಲ. ಇಲ್ಲಿಯವರು ಆ ಮಾತನ್ನು ನಡೆಸಿ ನೋಡಿದರು, ತಪ್ಪಿದ್ದನ್ನು ತಿದ್ದಿದರು. ಬೇರೆಯವರು ನಕಲು ಮಾಡಬಹುದಾದ ಒಂದು ಕ್ರಮ ಹಾಗೆ ಸಿದ್ಧವಾಯಿತು.

ಈ ಸಂಸ್ಥೆಯ ಪಾಲುದಾರನಾದ ಸಿಂಡಿಕೇಟ್ ಬ್ಯಾಂಕಿನ ಹುಟ್ಟೂ ಇದೇ ಪಾಠ ಹೇಳುತ್ತದೆ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವರು ಕೈಮಗ್ಗದ ನೇಕಾರರ ಕಷ್ಟ ಕಂಡು 8000 ರೂಪಾಯಿ ಬಂಡವಾಳದಲ್ಲಿ ಅದನ್ನು ಶುರು ಮಾಡಿದರು. ಬಡವರು ಉಳಿತಾಯ ಮಾಡಬೇಕು ಎಂಬುದು ಎಲ್ಲರೂ ಬಲ್ಲ ಉಪದೇಶ. ಆದರೆ ದಿನಕ್ಕೆ ಎರಡಾಣೆ ಉಳಿಸುವವನು ಆ ಎರಡಾಣೆ ಹಿಡಿದು ಬ್ಯಾಂಕಿನ ಮೆಟ್ಟಿಲು ಹತ್ತುವುದಿಲ್ಲ. ಸಂಜೆಯಾಗುವಷ್ಟರಲ್ಲಿ ಆ ಹಣ ಬೇರೆ ದಾರಿ ಹಿಡಿದಿರುತ್ತದೆ. 1928ರಲ್ಲಿ ಶುರುವಾದ ಪಿಗ್ಮಿ ಠೇವಣಿ ಈ ಗಂಟನ್ನು ಬಿಡಿಸಿತು: ಬ್ಯಾಂಕೇ ಪ್ರತಿದಿನ ಅವನ ಬಾಗಿಲಿಗೆ ಹೋಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಲೀನವಾಗಿ ಅದರ ಹೆಸರು ಅಳಿಯಿತು. ಪಿಗ್ಮಿ ಎಂಬ ಮಾತು ಮಾತ್ರ ನಮ್ಮ ಪೇಟೆಗಳಲ್ಲಿ ಗಟ್ಟಿಯಾಗಿ ನಿಂತಿದೆ. ಇಂದಿಗೂ ಸಹಕಾರಿ ಸಂಘಗಳ ಪಿಗ್ಮಿಯವರು ಸಂಜೆ ಅಂಗಡಿ ಅಂಗಡಿಗೆ ಬಂದು, ಕೈಯಲ್ಲಿರುವ ಸಣ್ಣ ಯಂತ್ರದಿಂದ ಚೀಟಿ ಹರಿದು ಕೊಡುತ್ತಾರೆ. ಹೂವಿನ ವ್ಯಾಪಾರಿ, ಹಣ್ಣಿನ ವ್ಯಾಪಾರಿ ನೂರೋ ಇನ್ನೂರೋ ಕೊಟ್ಟು ಚೀಟಿಯನ್ನು ಗಲ್ಲಾಪೆಟ್ಟಿಗೆಯೊಳಗೆ ಹಾಕುತ್ತಾರೆ. ದಿನವೂ ಅದೇ ಹೊತ್ತಿಗೆ ಅದೇ ಮನುಷ್ಯ ಬಂದು ನಿಲ್ಲುತ್ತಾನೆ ಎಂಬುದೇ ಅಲ್ಲಿಯ ಶಕ್ತಿ.

ಇದನ್ನೇ ನಾನು ಮೆಟ್ಟಿಲು ಎಂದದ್ದು. ಪಿಗ್ಮಿಯವರು ಬರುವ ಹೊತ್ತು ಒಂದು ಮೆಟ್ಟಿಲು, ರುಡ್‌ಸೆಟ್‌ನ ಎರಡು ವರ್ಷದ ವಿಚಾರಣೆ ಇನ್ನೊಂದು. ಮೂರನೆಯದು ಪ್ರಗತಿಬಂಧು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಬೆಳ್ತಂಗಡಿ ತಾಲ್ಲೂಕಿನಲ್ಲಿ ಶುರುವಾದದ್ದೂ 1982ರಲ್ಲೇ. 1974ರ ಭೂಸುಧಾರಣೆಯಿಂದ ಗೇಣಿದಾರರು ಭೂಮಿಯ ಒಡೆಯರಾಗಿದ್ದರು. ಕೈಯಲ್ಲಿ ಜಾಗ ಇತ್ತು, ಅಡಿಕೆ ತೆಂಗು ಹಾಕಬೇಕೆಂಬ ಆಸೆಯೂ ಇತ್ತು. ಗುಡ್ಡ ಸಮತಟ್ಟು ಮಾಡಲು, ಗುಂಡಿ ತೋಡಲು ಆಳಿಗೆ ಕೊಡಲು ಹಣ ಇರಲಿಲ್ಲ. ಅದಕ್ಕೆ ಕಂಡುಕೊಂಡ ದಾರಿಯೇ ಪ್ರಗತಿಬಂಧು: ಐದರಿಂದ ಎಂಟು ಸಣ್ಣ ರೈತರ ಒಂದು ಗುಂಪು, ವಾರಕ್ಕೊಂದು ದಿನ ಎಲ್ಲರೂ ಕೂಡಿ ಒಬ್ಬನ ಜಾಗದಲ್ಲಿ ದುಡಿಯುವುದು, ಮುಂದಿನ ವಾರ ಇನ್ನೊಬ್ಬನಲ್ಲಿ. ನಮ್ಮ ಹಿರಿಯರ ಮುಯ್ಯಾಳು ಪದ್ಧತಿಯನ್ನೇ ಕ್ರಮಕ್ಕೆ ತಂದು, ಅದಕ್ಕೆ ವಾರದ ಸಭೆ, ಸಣ್ಣ ಉಳಿತಾಯ, ಬ್ಯಾಂಕಿನ ನಂಟು ಜೋಡಿಸಿದರು.

ಆ ದಿನವನ್ನು ಕಣ್ಣೆದುರು ತಂದುಕೊಳ್ಳಿ. ಮಂಗಳವಾರ ಬೆಳಗ್ಗೆ ಎಂಟಕ್ಕೆ ಏಳು ಮಂದಿ ಹಾರೆ, ಪಿಕ್ಕಾಸು, ಬುಟ್ಟಿ ಹಿಡಿದು ನಿಮ್ಮ ಅಂಗಳಕ್ಕೆ ಬಂದು ನಿಂತಿದ್ದಾರೆ. ‘ಎಲ್ಲಿಂದ ಶುರು ಮಾಡುವ?’ ಎಂದು ಕೇಳುತ್ತಾರೆ. ಆಗ ನೀವು ‘ಇನ್ನೂ ಯೋಚನೆ ಮಾಡುತ್ತಿದ್ದೇನೆ’ ಎನ್ನಲಾರಿರಿ. ಹಿಂದಿನ ಸಂಜೆಯೇ ಹಗ್ಗ ಹಿಡಿದು ಸಾಲು ಗುರುತು ಮಾಡಿರಬೇಕು, ಗುಂಡಿಯ ಅಳತೆ ಹೇಳಬೇಕು, ಮಧ್ಯಾಹ್ನದ ಗಂಜಿಗೆ ಅಕ್ಕಿ ಹಾಕಿರಬೇಕು. ನಿಮ್ಮ ಆಸೆಗೆ ಒಂದು ವಾರ, ಒಂದು ಹೊತ್ತು, ಏಳು ಸಾಕ್ಷಿಗಳು ದೊರೆತವು. ಒಂಟಿಯಾಗಿ ಹತ್ತು ವರ್ಷ ಮುಂದೂಡಬಹುದಾದ ಆಸೆ ಆ ಒಂದು ದಿನಕ್ಕೆ ಅಂಜಿ ಕೆಲಸವಾಗುತ್ತದೆ.

ದೊಡ್ಡ ಪ್ರಮಾಣದಲ್ಲೂ ಇದೇ ಕಥೆ. 1970ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ಕುಸಿದಾಗ ಬೆಳೆಗಾರರಿಗೆ ಸ್ವಂತ ಮಾರಾಟ ವ್ಯವಸ್ಥೆ ಬೇಕು ಎಂಬುದು ಎಲ್ಲರ ಬಾಯಲ್ಲಿದ್ದ ಮಾತು. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ವಾರಣಾಸಿ ಸುಬ್ರಾಯ ಭಟ್ಟರು ಆ ಮಾತನ್ನು ಹೆಗಲಿಗೆ ಹಾಕಿಕೊಂಡು ಕರ್ನಾಟಕ ಮತ್ತು ಕೇರಳದ ಬೆಳೆಗಾರರನ್ನು ಕೂಡಿಸಿದರು, 1973ರಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಮುಂದೆ ಅಡಿಕೆ ತೋಟದ ನಡುವೆ ಕೊಕ್ಕೊ ಬೆಳೆದವರು ಬೆಲೆ ಬಿದ್ದು, ಕೊಳ್ಳುವವರಿಲ್ಲದೆ ಕಂಗೆಟ್ಟಾಗ ಕ್ಯಾಂಪ್ಕೊ ಖರೀದಿಗೆ ಇಳಿಯಿತು. ಕೊಂಡ ಬೀಜವನ್ನು ಏನು ಮಾಡುವುದೆಂಬ ಪ್ರಶ್ನೆ ಆಗ ಎದುರಾಯಿತು. ಅದರ ಉತ್ತರವಾಗಿ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಎದ್ದಿತು. 1973ರಲ್ಲಿ ಕೂತು ಯಾರೂ ಚಾಕೊಲೇಟಿನ ಕನಸು ಕಂಡಿರಲಾರರು. ಮೊದಲ ಹೆಜ್ಜೆ ಇಟ್ಟವರಿಗೇ ಎರಡನೆಯ ಹೆಜ್ಜೆಯ ಜಾಗ ಕಾಣಿಸಿತು.

ಇಷ್ಟಾದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಹಿಂದೆಮುಂದೆ ನೋಡದೆ ಧುಮುಕಿ ಮನೆ ಕಳೆದುಕೊಂಡವರು ನಮ್ಮ ನಡುವೆ ಇಲ್ಲವೇ? ಇದ್ದಾರೆ. ಯಾರೋ ಹೇಳಿದರೆಂದು ಸಾಲ ಎತ್ತಿ ಶೆಡ್ ಕಟ್ಟಿ, ಕೋಳಿ ತಂದು, ರೋಗ ಬಂದು ನೆಲ ಹಿಡಿದವರನ್ನು ನೋಡಿದ್ದೇವೆ. ಸಣ್ಣ ಸಾಲಗಳ ಕಂತು ಕಟ್ಟಲಾಗದೆ, ವಸೂಲಿಯ ಕಿರುಕುಳ ತಾಳಲಾಗದೆ ನೊಂದ ಕುಟುಂಬಗಳಿಗಾಗಿ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲ ಪಡೆಯುವುದನ್ನೇ ಕೆಲಸ ಶುರು ಮಾಡಿದಂತೆ ಎಂದು ತಿಳಿಯುವುದು ನಮ್ಮ ಕಾಲದ ದೊಡ್ಡ ಭ್ರಮೆ. ಸಾಲ ಗೋಡೆಯ ತುದಿಯಿಂದ ಎಸೆದ ಬಳೆಯಾಗಬಾರದು. ಹತ್ತು ಹಪ್ಪಳ ಮಾಡಿ ಆಟಿ ದಾಟಿಸಿದವನು ನೂರು ಮಾಡಲಿ, ನೂರು ಮಾರಿದವನು ಯಂತ್ರಕ್ಕೆ ಸಾಲ ಕೇಳಲಿ. ಕಾರ್ಯಕ್ಕಿಳಿಯುವುದೆಂದರೆ ಎಲ್ಲವನ್ನೂ ಪಣಕ್ಕಿಡುವುದು ಎಂದು ನಾನು ಹೇಳುತ್ತಿಲ್ಲ. ಸೋತರೂ ಮನೆ ಉಳಿಯುವಷ್ಟು ಸಣ್ಣದಾಗಿ, ಆದರೆ ನಿಜವಾಗಿ, ಇಂದೇ ಶುರು ಮಾಡುವುದು ಎನ್ನುತ್ತಿದ್ದೇನೆ.

ಧೈರ್ಯದ ಮಾತಿನಲ್ಲಿ ಒಂದು ಅನ್ಯಾಯವೂ ಇದೆ. ಇಪ್ಪತ್ತು ಸಾವಿರ ಕಳೆದುಕೊಂಡರೆ ಹತ್ತು ಎಕರೆ ತೋಟದವನಿಗೆ ಅದೊಂದು ಅನುಭವ. ಬೀಡಿ ಕಟ್ಟಿ ಮಗಳ ಕಾಲೇಜು ಫೀಸು ಹೊಂದಿಸುವ ತಾಯಿಗೆ ಅದೊಂದು ವರ್ಷದ ಬದುಕು. ಇಬ್ಬರಿಗೂ ‘ಧೈರ್ಯ ಮಾಡಿ’ ಎಂದು ಒಂದೇ ಸ್ವರದಲ್ಲಿ ಹೇಳುವುದು ಸುಲಭ, ನ್ಯಾಯವಲ್ಲ. ಬಡವರ ಪಾಲಿಗೆ ಸೋಲಿನ ಬೆಲೆಯನ್ನು ತಗ್ಗಿಸುವ ಗುಂಪು, ಉಚಿತ ತರಬೇತಿ, ಬೆನ್ನಿಗೆ ನಿಲ್ಲುವ ಬ್ಯಾಂಕು ಇದ್ದರೆ ಮಾತ್ರ ಧೈರ್ಯಕ್ಕೆ ಅರ್ಥ ಬರುತ್ತದೆ. ಆದ್ದರಿಂದ ಯಶಸ್ವಿ ಉದ್ಯಮಿಯೊಬ್ಬರನ್ನು ಸನ್ಮಾನಿಸುವಾಗ ಶಾಲು ಹೊದಿಸಿ ಅವರ ಸಾಹಸವನ್ನಷ್ಟೇ ಹೊಗಳಿ ಕೈತೊಳೆದುಕೊಳ್ಳಬಾರದು. ಅವರು ಮೊದಲ ಬಾರಿ ಎಡವಿದಾಗ ಯಾರು ಹಿಡಿದರು ಎಂದು ಕೇಳಬೇಕು. ಆ ಹಿಡಿದ ಕೈಗಳನ್ನು ಇನ್ನಷ್ಟು ಮಂದಿಗೆ ಒದಗಿಸುವುದು ಊರಿನ ಕೆಲಸ.

ಹಾಗೆಂದು ಮೆಟ್ಟಿಲಿದ್ದರೆ ಸಾಕೇ? ಹತ್ತುವ ಕಾಲು ನಮ್ಮದೇ ಆಗಬೇಕು. ಗುಂಪಿನವರು ಬಂದು ಗುಂಡಿ ತೋಡಿಯಾರು, ಬೇಸಿಗೆಯಲ್ಲಿ ಗಿಡಕ್ಕೆ ನೀರು ಹಾಕಬೇಕಾದವನು ಮನೆಯವನೇ. ಬೆಳ್ತಂಗಡಿಯ ಹುಡುಗ ಹುಡುಗಿಯರು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಿಗೆ ಹೋಗಿ ಬೇರೆಯವರ ಹೋಟೆಲು, ಬೇರೆಯವರ ಕಚೇರಿಗಳನ್ನು ಅಚ್ಚುಕಟ್ಟಾಗಿ ನಡೆಸುತ್ತಾರೆ. ಅಲ್ಲಿ ಅವರ ಕೈಗೆ ಬರುವ ಶಿಸ್ತು ಊರಿನ ಜಗಲಿಯಲ್ಲಿ ಕೂತಾಗ ಎಲ್ಲಿ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ. ಅಲ್ಲಿ ಯಾರೋ ಹೊತ್ತು ಗೊತ್ತು ಮಾಡಿರುತ್ತಾರೆ, ಇಲ್ಲಿ ಅದನ್ನು ನಾವೇ ಮಾಡಬೇಕು.

ಬರುವ ಬಿಸು ಹಬ್ಬದ ಮರುವಾರ, ಹಣ್ಣಿನ ವಾಸನೆ ಏಳುವ ಮೊದಲು, ನೆರೆಯ ನಾಲ್ಕು ಮನೆಯವರು ಸೇರಿ ಒಂದೇ ಒಂದು ಮರದ ಕಾಯಿ ಇಳಿಸೋಣ. ಯಾರ ಅಂಗಳ, ಯಾವ ದಿನ ಎಂದು ಕ್ಯಾಲೆಂಡರಿನಲ್ಲಿ ಬರೆಯೋಣ. ಒತ್ತಿದ ಹಪ್ಪಳದಲ್ಲಿ ಐದು ಕಟ್ಟು ಮಾತ್ರ ಎತ್ತಿಟ್ಟು, ಬೇರೆ ಬೇರೆ ಲಕೋಟೆಗಳಲ್ಲಿ ಕಟ್ಟಿ, ಪ್ರತಿಯೊಂದರ ಮೇಲೂ ತಾರೀಕು ಬರೆಯೋಣ. ಆಟಿಯ ಮಳೆಯಲ್ಲಿ ಒಂದೊಂದಾಗಿ ಬಿಚ್ಚಿ ನೋಡೋಣ. ಕಾರ್ತಿಕದಲ್ಲಿ ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆ ನಾಡಿನ ಮೂಲೆಮೂಲೆಯಿಂದ ಜನ ಬರುತ್ತಾರೆ, ಅಲ್ಲಿಯ ವಸ್ತುಪ್ರದರ್ಶನದಲ್ಲಿ ಸಾಲು ಸಾಲು ಮಳಿಗೆಗಳಿರುತ್ತವೆ, ಹಪ್ಪಳ ಮಾರಲು ಅದೇ ಒಳ್ಳೆಯ ಜಾಗ. ಐದರಲ್ಲಿ ಯಾವ ಲಕೋಟೆಯ ಹಪ್ಪಳ ಅಷ್ಟು ತಿಂಗಳು ದಾಟಿ ಗರಿಗರಿಯಾಗಿ ಉಳಿಯಿತೋ ಅದು ನಮಗೆ ಮುಂದಿನ ವರ್ಷದ ದಾರಿ ಹೇಳುತ್ತದೆ. ಐದೂ ಮೆತ್ತಗಾದರೂ ನಷ್ಟವಿಲ್ಲ. ಮುಂದಿನ ಮೇ ತಿಂಗಳಲ್ಲಿ ಜಗಲಿಯಲ್ಲಿ ಕೂತಾಗ ‘ಮಾಡಿದರೆ ಎಂಥ ವ್ಯಾಪಾರ’ ಎಂಬ ಮಾತಿನ ಬದಲು, ‘ಕಳೆದ ಸಲ ಲಕೋಟೆ ತೆಳುವಾಯಿತು ಮಾರಾಯ್ರೆ’ ಎಂಬ ಮಾತು ಬರುತ್ತದೆ.